ಓಟ್ಮಾರ್ ಹಂಡೆ ಆರಿಸಿದ್ದು

ಓಟ್ಮಾರ್ ಸೈಟ್ಲರನಿಗೆ ಬಿಯರ್ ಮಾಡಲು ಬರುತ್ತಿರಲಿಲ್ಲ. ಲೋಕದಲ್ಲಿ ಬಹಳ ಜನಕ್ಕೆ ಬರುವುದಿಲ್ಲ, ಅವರೆಲ್ಲ ಉಂಡುಟ್ಟು ಸುಖವಾಗಿಯೇ ಇದ್ದಾರೆ. ಆದರೆ ಓಟ್ಮಾರನಿದ್ದದ್ದು ನಮ್ಮ ವಿಂಡಿಶ್‌ಲೋಹ್ ಊರಿನಲ್ಲಿ, ಅದೂ ಬಾಯಮ್ಲ್ ಮನೆತನದ ಅಳಿಯನಾಗಿ. ಬವೇರಿಯಾದ ನಮ್ಮ ಈ ಮೂಲೆಯಲ್ಲಿ ಬಿಯರ್ ಮಾಡುವ ಹಕ್ಕು ಮನೆಯ ಜೊತೆಗೇ ಬರುತ್ತದೆ, ಮಾಡಿನ ಸೋರಿಕೆ ಬರುವ ಹಾಗೆ. ಹಕ್ಕಿರುವ ಮನೆಯವರು ಸರದಿಯಂತೆ ಊರ ಭಟ್ಟಿಮನೆಗೆ ಹೋಗಿ, ಸೌದೆ ಉರಿಸಿ, ಬಾರ್ಲಿ ಕಷಾಯ ಕುದಿಸಿ, ಅದನ್ನು ತಂತಮ್ಮ ನೆಲಮಾಳಿಗೆಗೆ ಸಾಗಿಸಿ ಹುಳಿಯಲು ಬಿಡುತ್ತಾರೆ. ಬಿಯರ್ ಹದಕ್ಕೆ ಬಂದಾಗ ಗುರುತಿಗೆ ಮನೆ ಮುಂದಿನ ಗಳುವಿಗೆ ಮರದ ನಕ್ಷತ್ರ ಕಟ್ಟುತ್ತಾರೆ. ನಕ್ಷತ್ರ ಕಂಡವರು ಬಾಗಿಲು ತಟ್ಟದೆ ಒಳಗೆ ಹೋಗಿ ಕೂರಬಹುದು.

ಬಾಯಮ್ಲ್ ಮನೆಯ ನಕ್ಷತ್ರ ಓಟ್ಮಾರನ ಮಾವ ಎರ್ಹಾರ್ಡನ ಕೈಯಲ್ಲಿತ್ತು. ಎರ್ಹಾರ್ಡ್ ಭಟ್ಟಿಮನೆಗೇ ಹಿರಿಯ. ಉರಿಯ ಮುಂದೆ ನಿಂತು ನಿಂತು ಅವನ ಮುಖ ಬೆಂದ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಕಷಾಯ ತಿರುವುವ ಉದ್ದನೆಯ ಮರದ ಸೌಟನ್ನು ಅವನು ಇನ್ನೊಬ್ಬರ ಕೈಗೆ ಕೊಟ್ಟದ್ದನ್ನು ಯಾರೂ ನೋಡಿರಲಿಲ್ಲ. ಈಚೆಗಂತೂ ಹಂಡೆಯ ಹತ್ತಿರ ಯಾರಾದರೂ ಸುಳಿದರೆ ಗದರಿಸಿ ಓಡಿಸುತ್ತಿದ್ದ. ಓಟ್ಮಾರನ ಪಾಲಿಗೆ ಬಂದದ್ದು ಸೌದೆ ಹೊರುವುದು ಮತ್ತು ಪೀಪಾಯಿ ತೊಳೆಯುವುದು. ಮದುವೆಯಾದ ವರ್ಷದಿಂದಲೂ ಅದನ್ನೇ ಮಾಡಿಕೊಂಡು ಬಂದಿದ್ದ.

ಊರಿನ ಕನ್ನಡಕದ ಅಂಗಡಿ ಓಟ್ಮಾರನದು. ಬೇಡವೆಂದರೂ ಗಿರಾಕಿಯ ಮೂಗು ಅವನ ಕೈಗೆ ಸಿಗುತ್ತಿತ್ತು, ಮೂಗು ಸಿಕ್ಕಿದ ಮೇಲೆ ಕಿವಿಯೂ ಸಿಗುತ್ತಿತ್ತು. "ಈ ಸಲ ನಾವು ಕಹಿಗೆ ಹಾಕೋ ಹಾಪ್ಸ್ ಹೂವು ಸ್ವಲ್ಪ ತಡವಾಗಿ ಹಾಕಿದ್ವಿ, ಗೊತ್ತಾಯ್ತಾ?" ಎಂದು ಅಳತೆ ತೆಗೆಯುತ್ತಾ ಹೇಳುತ್ತಿದ್ದ. ನಾವು ಎಂದರೆ ಮಾವ. ಪರವೂರಿನ ಗಿರಾಕಿಗಳು ಅವನನ್ನು ಬಿಯರ್ ವಿದ್ಯೆ ಕರಗತವಾದ ಪಂಡಿತನೆಂದೇ ತಿಳಿದಿದ್ದರು. ಊರಿನವರಿಗೆ ಸತ್ಯ ಗೊತ್ತಿತ್ತು, ಆದರೆ ಮೂಗಿನ ಮೇಲೆ ಗಾಜು ಕೂತಿರುವಾಗ ಎದುರಾಡುವುದು ಕಷ್ಟ.

ಹೀಗಿರುವಾಗ ಎರ್ಹಾರ್ಡ್ ಒಂದು ದಿನ ಊಟದ ಮೇಜಿನಲ್ಲಿ ಘೋಷಿಸಿದ. "ಸೆಪ್ಟೆಂಬರಲ್ಲಿ ಸಂತ ಮಿಖಾಯೆಲನ ಹಬ್ಬಕ್ಕೆ ಸೌಟು ಯಾರ ಕೈಗೆ ಅಂತ ಹೇಳ್ಬಿಡ್ತೀನಿ. ನನಗೂ ಸಾಕಾಯ್ತು."

ಮೇಜಿನ ಆ ಕಡೆ ಎರ್ಹಾರ್ಡನ ತಮ್ಮನ ಮಗ ಕ್ಸೇವರ್ ಕೂತಿದ್ದ. ಅವನು ಆಗಲೇ ಅಂಗಿಯ ತೋಳು ಮಡಿಸಲು ಶುರುಮಾಡಿದ. ಓಟ್ಮಾರ್ ಬಾಯಿಗೆತ್ತಿದ್ದ ಆಲೂ ಕಡುಬನ್ನು ತಟ್ಟೆಗೇ ಇಟ್ಟ. ಸೌಟು ಕ್ಸೇವರನ ಕೈಗೆ ಹೋದರೆ ತಾನು ಸಾಯುವವರೆಗೂ ಸೌದೆಯವನೇ. ತನ್ನ ಕೈಗೆ ಬಂದರೆ ಇನ್ನೂ ಘೋರ, ತನಗೆ ಏನೂ ಬರುವುದಿಲ್ಲವೆಂದು ಊರಿಗೆಲ್ಲ ತೋರಿಸಬೇಕಾಗುತ್ತದೆ. ಆದರೂ ಅವನಿಗೆ ಅದು ಬೇಕಿತ್ತು. ಬಹಳ ಬೇಕಿತ್ತು.

"ಗುಟ್ಟಾಗಿ ಮನೇಲೇ ಕಲೀತೀನಿ," ಎಂದು ಹೆಂಡತಿ ವಾಲ್ಲಿಗೆ ಹೇಳಿದ. "ಈಗ ಎಲ್ಲಾ ಒಂದರಲ್ಲೇ ಆಗೋ ಯಂತ್ರ ಬಂದಿದೆ. ಬಾರ್ಲಿ ನೆನೆಸೋದು, ಬಸಿಯೋದು, ಕುದಿಸೋದು, ಎಲ್ಲಾ ಒಂದೇ ಹಂಡೇಲಿ. ಗುಂಡಿ ಒತ್ತಿದ್ರೆ ಸಾಕು."

"ಮನೇಲಿ ಬಟ್ಟೆ ಒಗೆಯೋ ಯಂತ್ರಾನೂ ಗುಂಡಿ ಒತ್ತಿದ್ರೆ ಸಾಕು," ಎಂದಳು ವಾಲ್ಲಿ. "ಅದರ ಮೇಲೆ ನಿನ್ನ ಕೈ ಬಿದ್ದಿದ್ದು ನಾನಂತೂ ಕಾಣೆ."

ಇಲ್ಲಿಂದ ಆಯ್ಕೆಯ ಕಾಂಡ. ಓಟ್ಮಾರ್ ಗಿರಾಕಿಗೆ ಚೌಕಟ್ಟು ಆರಿಸಿಕೊಡುವುದರಲ್ಲಿ ಗಟ್ಟಿಗ, ತನಗೆ ಒಂದು ಕಾಲುಚೀಲ ಆರಿಸಿಕೊಳ್ಳಲಾರ. ಬೇಸಿಗೆ ಪೂರ್ತಿ ಯಂತ್ರಗಳ ಬಗ್ಗೆ ಓದಿದ. ಉದ್ದನೆಯ ಹಂಡೆಯ ಪಂಪು ಗಟ್ಟಿ, ಆದರೆ ತೊಳೆಯುವುದು ರೇಜಿಗೆ ಎಂದು ಒಬ್ಬ ಬರೆದಿದ್ದ. ಡುಮ್ಮ ಹಂಡೆಯ ಜರಡಿ ಎತ್ತಲು ಕಪ್ಪಿಯಿದೆ, ಸೊಂಟ ಉಳಿಯುತ್ತದೆ ಎಂದು ಇನ್ನೊಬ್ಬ. ಆ ಇನ್ನೊಬ್ಬನಿಗೆ ಕಾಸಿನ ಬುದ್ಧಿಯಿಲ್ಲ ಎಂದು ಮೂರನೆಯವನು ಬರೆದು, ದೊಡ್ಡ ದೊಡ್ಡ ಅಂಕಿ ಹೊಳೆಯುವ ಮೂರನೆಯ ಹಂಡೆಯನ್ನು ಹೊಗಳಿದ್ದ. ಓಟ್ಮಾರನಿಗೆ ಮೂವರೂ ನಿಜ ಹೇಳುತ್ತಿದ್ದಾರೆ ಅನ್ನಿಸಿತು. ಕೊನೆಗೆ ನಮ್ಮ ದೇಶದ ಯಾವ ಗೃಹಸ್ಥನಾದರೂ ಮಾಡುವುದನ್ನೇ ಅವನೂ ಮಾಡಿದ. ಮೂರನ್ನೂ ತರಿಸಿಕೊಳ್ಳುವುದು, ಪರೀಕ್ಷಿಸಿ ಒಂದನ್ನು ಇಟ್ಟುಕೊಳ್ಳುವುದು, ಎರಡು ವಾರದೊಳಗೆ ಉಳಿದೆರಡನ್ನು ವಾಪಸ್ ಕಳಿಸುವುದು. ಒಂದು ಜೊತೆ ಬೂಟು ಬೇಕಾದವರು ಆರು ಜೊತೆ ತರಿಸುವ ಊರಿನಲ್ಲಿ ಇದರಲ್ಲಿ ತಪ್ಪೇನೂ ಇರಲಿಲ್ಲ.

ತಪ್ಪಾದದ್ದು ಬೇರೆ ಕಡೆ. ಪೆಟ್ಟಿಗೆಗಳು ಬಂದಾಗ ಓಟ್ಮಾರ್ ಅಂಗಡಿಯಲ್ಲಿದ್ದ, ವಾಲ್ಲಿ ಅಕ್ಕನ ಮನೆಗೆ ಹೋಗಿದ್ದಳು. ಮನೆಯಲ್ಲಿ ಯಾರೂ ಇಲ್ಲದಿದ್ದರೆ ಪೆಟ್ಟಿಗೆಯನ್ನು ನೆರೆಯವರಿಗೆ ಕೊಟ್ಟು ಹೋಗುವುದು ನಮ್ಮಲ್ಲಿನ ಪದ್ಧತಿ. ಮೂರು ಹಂಡೆ ಮೂರು ಕಂಪನಿಯವು, ತಂದವರೂ ಮೂವರು. ಹಾಗಾಗಿ ಒಂದು ಎದುರುಮನೆಯ ಕ್ರೆಸೆನ್ಸ್ ಅಜ್ಜಿಯ ಪಾಲಾಯಿತು, ಒಂದು ಪಕ್ಕದ ಬೇಕರಿ ಲೋರೆನ್ಸನ ಪಾಲಾಯಿತು, ಒಂದು ಪಾದ್ರಿಗಳ ಮನೆಗೆ ಹೋಯಿತು. ಗುಟ್ಟಾಗಿ ಕಲಿಯಬೇಕೆಂದಿದ್ದ ವಿದ್ಯೆ, ಪೆಟ್ಟಿಗೆಯ ನಾಲ್ಕೂ ಮಗ್ಗುಲಿಗೆ ಹಂಡೆಯ ಬಣ್ಣದ ಚಿತ್ರ ಹೊತ್ತುಕೊಂಡು ಬೀದಿ ಪೂರ್ತಿ ಮೆರವಣಿಗೆ ಹೊರಟಿತು.

ಮರುದಿನ ಬೆಳಿಗ್ಗೆ ಲೋರೆನ್ಸನ ಅಂಗಡಿಯ ಬ್ರೆಡ್ಡಿನ ಸಾಲಿನಲ್ಲಿ ಮೂವರೂ ಸೇರಿದರು.

"ಸೈಟ್ಲರನಿಗೆ ಒಂದು ಬಿಯರ್ ಹಂಡೆ ಬಂದಿದೆ, ನಮ್ಮ ಹಜಾರದಲ್ಲೇ ಇದೆ," ಎಂದಳು ಕ್ರೆಸೆನ್ಸ್ ಅಜ್ಜಿ. "ಚೆನ್ನಾಗಿ ಉದ್ದಕ್ಕಿದೆ."

"ಉದ್ದ ಎಲ್ಲಿ ಬಂತಜ್ಜಿ? ಡುಮ್ಮಗಿದೆ. ನಮ್ಮ ಹಿಟ್ಟಿನ ಕೋಣೇಲಿ ಇಟ್ಟಿದೀನಿ," ಎಂದ ಲೋರೆನ್ಸ್.

ಪಾದ್ರಿಗಳು ಗಂಟಲು ಸರಿಮಾಡಿಕೊಂಡರು. "ನನ್ನ ಹತ್ರಾನೂ ಒಂದಿದೆ."

ಸಾಲಿನಲ್ಲಿದ್ದವರೆಲ್ಲ ಬೆರಳು ಮಡಿಸಿ ಎಣಿಸಿದರು. ಒಂದು ಹಂಡೆಯೆಂದರೆ ಹುಚ್ಚು. ಎರಡೆಂದರೆ ದುಂದು. ಮೂರೆಂದರೆ ಅದು ಉದ್ದಿಮೆ.

ಮಧ್ಯಾಹ್ನದ ಹೊತ್ತಿಗೆ ಊರಿನವರ ಬಾಯಲ್ಲಿ ಸೈಟ್ಲರ್ ಭಟ್ಟಿಮನೆಯಿಂದ ಬೇರೆಯಾಗಿದ್ದ. ಸಂಜೆಯ ಹೊತ್ತಿಗೆ ಕನ್ನಡಕದ ಅಂಗಡಿ ಮುಚ್ಚಿ ಬಿಯರ್ ಕಾರ್ಖಾನೆ ತೆರೆಯುವವನಿದ್ದ. ಶನಿವಾರ ಯಾರೋ ಭಟ್ಟಿಮನೆಯನ್ನೇ ಮ್ಯೂನಿಕ್‌ನವರು ಕೊಂಡು ಹೋಟೆಲು ಮಾಡುತ್ತಾರಂತೆ, ಸೈಟ್ಲರನದೇ ದಲ್ಲಾಳಿತನವಂತೆ ಎಂದರು. ಕ್ಸೇವರ್ ಇದಾವುದನ್ನೂ ತಾನಾಗಿ ಹೇಳಲಿಲ್ಲ. ಯಾರಾದರೂ ಕೇಳಿದರೆ ನಿಟ್ಟುಸಿರು ಬಿಟ್ಟು, "ನಾನು ಹೇಗೆ ಹೇಳ್ಲಿ? ಮನೆ ವಿಷಯ," ಎನ್ನುತ್ತಿದ್ದ. ಅದರಿಂದ ಎಲ್ಲವೂ ಖಚಿತವಾಯಿತು.

ಓಟ್ಮಾರ್ ಒಂದೊಂದೇ ಮನೆಗೆ ಹೋಗಿ ಪೆಟ್ಟಿಗೆ ತಂದ. ಎಲ್ಲರೂ ನಗುನಗುತ್ತಲೇ ಕೊಟ್ಟರು, ಯಾರೂ ಏನೂ ಕೇಳಲಿಲ್ಲ. ಪಾದ್ರಿಗಳು ಮಾತ್ರ, "ಮಗೂ, ಹಳೇದನ್ನ ಬಿಡೋ ಮುಂಚೆ ಒಂದ್ಸಲ ಯೋಚನೆ ಮಾಡು," ಎಂದರು. ಓಟ್ಮಾರ್ ಅದು ತನ್ನ ಹಳೆಯ ಕಾರಿನ ಬಗ್ಗೆ ಎಂದುಕೊಂಡು, "ಅದು ಇನ್ನು ನಡೆಯಲ್ಲ ಫಾದರ್, ತುಕ್ಕು ಹಿಡಿದುಹೋಗಿದೆ. ಯಾರು ಕೊಟ್ಟಷ್ಟಕ್ಕೆ ಕೊಟ್ಬಿಡ್ತೀನಿ," ಎಂದ. ಪಾದ್ರಿಗಳು ಎದೆಯ ಮೇಲೆ ಶಿಲುಬೆ ಎಳೆದುಕೊಂಡರು.

ಭಾನುವಾರ ಮಧ್ಯಾಹ್ನ ಪರೀಕ್ಷೆ. ಬಾರ್ಲಿ ಮುಟ್ಟಿದ ಹಂಡೆಯನ್ನು ವಾಪಸ್ ತೆಗೆದುಕೊಳ್ಳುವುದಿಲ್ಲವಾದ್ದರಿಂದ ಬರೀ ನೀರಿನಲ್ಲಿ ಪರೀಕ್ಷಿಸುವುದೆಂದು ಓಟ್ಮಾರ್ ಗೊತ್ತುಮಾಡಿಕೊಂಡಿದ್ದ. ನೆಲಮಾಳಿಗೆಯಲ್ಲಿ ಮೂರು ಹಂಡೆಗೂ ನೀರು ತುಂಬಿ, ನ್ಯಾಯವಾಗಿರಲಿ ಎಂದು ಮೂರನ್ನೂ ಒಟ್ಟಿಗೆ ಹಚ್ಚಿದ. ಮೂರು ಪಂಪುಗಳೂ ಬೇರೆ ಬೇರೆ ಶ್ರುತಿಯಲ್ಲಿ ಕೂಗತೊಡಗಿದವು. ಭಾನುವಾರ ನಮ್ಮೂರಲ್ಲಿ ಮೊಳೆ ಹೊಡೆದರೂ ನೆರೆಯವರು ಮಾತು ಬಿಡುತ್ತಾರೆ. ಕ್ರೆಸೆನ್ಸ್ ಅಜ್ಜಿ ಬೀದಿ ದಾಟಿ ಬಂದು ಕಿಟಕಿಗೆ ಕೋಲಿನಿಂದ ಬಡಿದಳು.

"ಲೇ ಓಟ್ಮಾರ್! ಭಾನುವಾರಾನೂ ಕಾರ್ಖಾನೆಗೆ ರಜ ಇಲ್ವೇನೋ?"

ಓಟ್ಮಾರ್ ಕಿಟಕಿ ತೆಗೆದ. ಅಲ್ಲಿಯವರೆಗೆ ಕೂಡಿದ್ದ ಹಬೆಯೆಲ್ಲ ಅಜ್ಜಿಯ ಮುಖದ ಮೇಲೇ ಹೋಯಿತು. ಅದೇ ಗಳಿಗೆಗೆ ಮನೆಯ ಫ್ಯೂಸು ಹಾರಿ ದೀಪಗಳೆಲ್ಲ ಆರಿದವು. ಮೇಲೆ ಅಡಿಗೆಮನೆಯ ಕರೆಂಟ್ ಒಲೆಯಲ್ಲಿ ಹಂದಿಯ ತೊಡೆ ಬೇಯಿಸುತ್ತಿದ್ದ ವಾಲ್ಲಿ, "ಓಟ್ಮಾ...ರ್!" ಎಂದು ಕೂಗಿದಳು. ಕೂಗು, ಹಬೆ, ಕತ್ತಲೆ ಮೂರನ್ನೂ ಕೂಡಿಸಿ ನೋಡಿದ ಬೇಕರಿ ಲೋರೆನ್ಸ್, ಊರ ಅಗ್ನಿಶಾಮಕ ದಳದ ನಾಯಕನೂ ಆಗಿದ್ದರಿಂದ, ಓಡಿಹೋಗಿ ಸೈರನ್ ಒತ್ತಿದ.

ನಮ್ಮ ದಳದಲ್ಲಿ ಊರಿನ ಗಂಡಸರೆಲ್ಲ ಇದ್ದಾರೆ. ಅವರೆಲ್ಲ ಊಟದ ಮೇಜಿನಿಂದೆದ್ದು, ಬಾಯಲ್ಲಿ ಕಡುಬು, ತಲೆಯ ಮೇಲೆ ಹೆಲ್ಮೆಟ್ಟು ಇಟ್ಟುಕೊಂಡು ಬಂದರು. ಗಂಡಸರ ಹಿಂದೆ ಹೆಂಗಸರು ಬಂದರು, ಬೆಂಕಿ ಇಲ್ಲದಿದ್ದರೂ ಹಂಡೆ ನೋಡಬಹುದಲ್ಲ. ನೆಲಮಾಳಿಗೆಯ ಮೆಟ್ಟಿಲಿಳಿದು ಟಾರ್ಚು ಬಿಟ್ಟರೆ ಮೂರು ಹಂಡೆಗಳ ನಡುವೆ ಬೆವರಿ ತೊಪ್ಪೆಯಾಗಿ ನಿಂತಿದ್ದ ಓಟ್ಮಾರ್.

"ಬೆಂಕಿ ಎಲ್ಲಿ?" ಎಂದ ಲೋರೆನ್ಸ್.

"ಇಲ್ಲ. ನೀರು ಕಾಯಿಸ್ತಿದ್ದೆ."

"ಮೂರು ಹಂಡೇಲಿ?"

"ಯಾವುದು ಬೇಗ ಕಾಯುತ್ತೆ ನೋಡೋಣ ಅಂತ."

ಆಗ ಮುಂದೆ ಬಂದವನು ರೂಡಿಗರ್. ದಳದಲ್ಲಿ ಅವನದು ಕೊಳವೆ ಹಿಡಿಯುವ ಕೆಲಸ, ವಾರದ ದಿನಗಳಲ್ಲಿ ಸುಂಕದ ಕಚೇರಿಯ ಅಧಿಕಾರಿ. ಹೆಲ್ಮೆಟ್ ತೆಗೆದು ಕಂಕುಳಲ್ಲಿಟ್ಟುಕೊಂಡ ಕೂಡಲೇ ಅವನ ದನಿ ಬದಲಾಯಿತು.

"ಸೈಟ್ಲರ್ ಅವರೇ, ಎಷ್ಟು ಬಿಯರ್ ಮಾಡಿದೀರಿ?"

"ಬಿಯರ್ ಮಾಡಿಲ್ಲ ಸ್ವಾಮಿ. ನೀರು."

ರೂಡಿಗರ್ ಬೆರಳು ಅದ್ದಿ ನೆಕ್ಕಿದ. ಎಲ್ಲರೂ ಅವನ ಮುಖವನ್ನೇ ನೋಡಿದರು. "ನೀರೇ," ಎಂದ ಬೇಸರದಿಂದ. "ನೀರಿಗೆ ಸುಂಕ ಇಲ್ಲ." ಮತ್ತೆ ಹೆಲ್ಮೆಟ್ ಹಾಕಿಕೊಂಡ.

ಇನ್ನು ಬೈಯುವ ಕೆಲಸ ಉಳಿದಿತ್ತು. ಕ್ರೆಸೆನ್ಸ್ ಅಜ್ಜಿ ಮುಖ ಒರೆಸಿಕೊಂಡು ಶುರುಮಾಡಿದಳು. "ನಾಚಿಕೆ ಆಗಲ್ವೇನೋ? ಅಷ್ಟು ವರ್ಷದ ಭಟ್ಟಿಮನೆ ಬಿಟ್ಟು ಈ ಡಬ್ಬಿಗಳಲ್ಲಿ... ಇದೇನಿದು ಕೊಕ್ಕೆ?"

"ಜರಡಿ ಎತ್ತೋ ಕಪ್ಪಿ, ಅಜ್ಜಿ."

"ಹಾಗಾದ್ರೆ ಸೊಂಟ ಬಗ್ಗಿಸ್ಬೇಕಿಲ್ವಾ?"

"ಬೇಡ."

"ಒಂದ್ಸಲ ಎತ್ತು ನೋಡೋಣ."

ಭಟ್ಟಿಮನೆಯ ಮಾನ ಅಲ್ಲಿಗೆ ಮುಗಿಯಿತು. ಫ್ಯೂಸು ಸರಿಮಾಡಿದ ಲೋರೆನ್ಸ್, "ಒಂದೊಂದೇ ಹಚ್ಚಿ, ಇಲ್ದಿದ್ರೆ ನಾನು ಜವಾಬ್ದಾರನಲ್ಲ," ಎಂದು ಗುಡುಗಿ, ತಾನೇ ಮೊದಲು ಉದ್ದನೆಯ ಹಂಡೆ ಹಚ್ಚಿದ. ಅದರ ಪಂಪಿನ ಸದ್ದು ತನ್ನ ಹಿಟ್ಟು ನಾದುವ ಯಂತ್ರಕ್ಕಿಂತ ಇಂಪಾಗಿದೆ ಎಂದ. ಕಪ್ಪಿಯೇ ಮುಖ್ಯ ಎಂದಳು ಅಜ್ಜಿ. ಪಾದ್ರಿಗಳು ಮೂರನೆಯದಕ್ಕೆ ತೊಳೆಯುವ ತೂತು ಎಲ್ಲಿದೆಯೆಂದು ಮಂಡಿಯೂರಿ ಹುಡುಕಿದರು. ಓಟ್ಮಾರನನ್ನು ದ್ರೋಹಿಯೆಂದು ಹಿಡಿಯಲು ಬಂದವರು ಅರ್ಧ ಗಂಟೆಯಲ್ಲಿ ಮೂರು ಪಕ್ಷವಾಗಿ ಒಡೆದು, ಕಪ್ಪಿಯವರು ಪಂಪಿನವರನ್ನು ಮೂರ್ಖರೆನ್ನುವ ಮಟ್ಟಕ್ಕೆ ಬಂದಿದ್ದರು. ಮೇಲೆ ಹಂದಿಯ ತೊಡೆ ಸೀದ ವಾಸನೆ ಬರುತ್ತಿತ್ತು. ಓಟ್ಮಾರನಿಗಂತೂ ಉದ್ದನೆಯದೇ ಮನಸ್ಸಿಗೆ ಹಿಡಿಸಿತ್ತು. ಅವನ ಜೀವನದಲ್ಲಿ ಮೊದಲ ಸಲ ಯಾವುದೋ ಒಂದು ಖಂಡಿತವಾಗಿ ಹಿಡಿಸಿತ್ತು.

ಅಷ್ಟರಲ್ಲಿ ಮೆಟ್ಟಿಲ ಮೇಲಿದ್ದವರು ಪಕ್ಕಕ್ಕೆ ಸರಿದರು. ಎರ್ಹಾರ್ಡ್ ಇಳಿದು ಬಂದ. ಹಿಂದೆ ಕ್ಸೇವರ್.

"ನೋಡಿ ದೊಡ್ಡಪ್ಪ," ಎಂದ ಕ್ಸೇವರ್, ಬಹಳ ದುಃಖದಿಂದ. "ನಾನು ಹೇಳಿದ್ನಲ್ಲ."

ಎರ್ಹಾರ್ಡ್ ಹಂಡೆಗಳನ್ನು ನೋಡಿದ, ಅಳಿಯನನ್ನು ನೋಡಿದ. "ನನ್ನ ಭಟ್ಟಿಮನೆ ನಿನಗೆ ಸಾಲದಾಯ್ತಾ?"

ಓಟ್ಮಾರನಿಗೆ ನಿಜ ಹೇಳುವುದೊಂದೇ ಉಳಿದಿತ್ತು. "ಮಾವ, ನನಗೆ ಬಿಯರ್ ಮಾಡೋಕೆ ಬರಲ್ಲ. ನೀವು ಹತ್ರ ಬಿಟ್ಕೊಂಡಿಲ್ಲ, ನಾನು ಕಲೀಲಿಲ್ಲ. ಸೌಟು ನನಗೆ ಕೊಟ್ರೆ ನಿಮ್ಮ ಮರ್ಯಾದೆ ಹೋಗುತ್ತಲ್ಲ ಅಂತ, ಅದಕ್ಕೆ ಮುಂಚೆ ಇಲ್ಲಿ ಅಭ್ಯಾಸ ಮಾಡೋಣ ಅಂದ್ಕೊಂಡೆ. ಮೂರರಲ್ಲಿ ಎರಡು ವಾಪಸ್ ಹೋಗುತ್ತೆ."

"ಕನ್ನಡಕದ ಅಂಗಡೀಲಿ ಅಷ್ಟೆಲ್ಲ ಕೊಚ್ತಿದ್ದೆ?" ಎಂದಳು ಕ್ರೆಸೆನ್ಸ್ ಅಜ್ಜಿ.

"ಸುಳ್ಳು, ಅಜ್ಜಿ."

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಾರ್ಖಾನೆಯೂ ಇಲ್ಲ, ಮ್ಯೂನಿಕ್‌ನವರೂ ಇಲ್ಲ. ಎಲ್ಲರಿಗೂ ತಮ್ಮ ಭಾನುವಾರ ಯಾರೋ ಕದ್ದ ಹಾಗಾಯಿತು.

ಎರ್ಹಾರ್ಡ್ ಗುರ್ ಎಂದು ಉದ್ದನೆಯ ಹಂಡೆಯ ಹತ್ತಿರ ಹೋದ. ಬಗ್ಗಿದ, ಮತ್ತೆ ತಲೆಯನ್ನು ಹಿಂದಕ್ಕೆಳೆದ, ಹುಬ್ಬು ಗಂಟಿಕ್ಕಿದ, ಗದ್ದ ಎತ್ತಿದ. "ಬರೀ ಆಟಿಕೆ. ಆಗಲೇ ಎಂಬತ್ತೆಂಟು ಡಿಗ್ರಿ ಏರಿಬಿಟ್ಟಿದೆ. ಇದರಲ್ಲಿ ಬಾರ್ಲಿ ಹಾಕಿದ್ರೆ ಸತ್ತೇಹೋಗುತ್ತೆ."

ಯಂತ್ರದ ಮೇಲಿದ್ದದ್ದು ಅರವತ್ತೆಂಟು.

ಓಟ್ಮಾರನಿಗೆ ಬಿಯರಿನ ಬಗ್ಗೆ ಏನೂ ಗೊತ್ತಿರಲಿಲ್ಲ, ಆದರೆ ಹಾಗೆ ಗದ್ದ ಎತ್ತಿ ತಲೆ ಹಿಂದಕ್ಕೆ ಎಳೆಯುವವರನ್ನು ದಿನಾ ಅಂಗಡಿಯಲ್ಲಿ ನೋಡುತ್ತಿದ್ದ. ಹೋದ ವರ್ಷ ಮಾವನ ಬಿಯರ್ ಪಾನಕದಂತೆ ಸಿಹಿಯಾಗಿತ್ತು. ಅದರ ಹಿಂದಿನ ವರ್ಷ ತೊಳೆದ ನೀರಿನಂತಿತ್ತು. ಬಾರ್ಲಿ ಸರಿಯಿಲ್ಲ ಎಂದಿದ್ದ ಮಾವ, ಊರಿನವರು ಮಾತಾಡದೆ ಕುಡಿದಿದ್ದರು. ತಪ್ಪಿದ್ದು ಬಾರ್ಲಿಯಲ್ಲ, ಕಾವಿನ ಅಂಕಿ ಓದಿದ ಕಣ್ಣು. ಹಂಡೆಯ ಹತ್ತಿರ ಯಾರನ್ನೂ ಬಿಟ್ಟುಕೊಳ್ಳದೆ ಓಡಿಸುತ್ತಿದ್ದದ್ದು ಗರ್ವದಿಂದಲ್ಲ, ಹೆದರಿಕೆಯಿಂದ. ಓಟ್ಮಾರನಿಗೆ ಮಾವನ ಮೇಲೆ ಒಮ್ಮೆಲೇ ಅಯ್ಯೋ ಅನ್ನಿಸಿತು.

ಕ್ಸೇವರನ ಕಣ್ಣು ಚುರುಕಾಗಿತ್ತು. "ದೊಡ್ಡಪ್ಪ, ಅದು ಎಂಬತ್ತೆಂಟಲ್ವಲ್ಲ, ಅದು..."

"ಎಂಬತ್ತೆಂಟೇ!" ಎಂದು ಓಟ್ಮಾರ್ ಅರಚಿ, ತಂತಿಯನ್ನು ಗೋಡೆಯಿಂದ ಕಿತ್ತ. ಅಂಕಿ ಆರಿತು. "ಮಾವ ಹೇಳಿದ್ದು ಸರಿ. ಈ ಹಂಡೆ ಮನಸ್ಸಿಗೆ ಬಂದ ಅಂಕಿ ತೋರಿಸುತ್ತೆ. ಒಂದ್ಸಲ ಹೀಗೆ, ಒಂದ್ಸಲ ಹಾಗೆ. ಇದೇ ಮೊದಲು ವಾಪಸ್ ಹೋಗೋದು."

"ಅಯ್ಯೋ, ಅದರ ಪಂಪು!" ಎಂದು ಲೋರೆನ್ಸ್ ಹಲುಬಿದ.

"ಪಂಪು ಕಟ್ಕೊಂಡು ಏನ್ಮಾಡ್ಲಿ? ಹೋಗ್ಲಿ ಬಿಡಿ."

ಓಟ್ಮಾರ್ ಯಾರನ್ನೂ ಕೇಳದೆ ಒಂದು ತೀರ್ಮಾನ ಮಾಡಿದ್ದನ್ನು ಮೆಟ್ಟಿಲ ಮೇಲಿಂದ ನೋಡಿದ ವಾಲ್ಲಿ ಕಂಬಿ ಹಿಡಿದುಕೊಂಡಳು. ಅದೂ ಅವನಿಗೆ ಹಿಡಿಸಿದ್ದ ಹಂಡೆ.

ಎರ್ಹಾರ್ಡ್ ಅಳಿಯನನ್ನು ಬಹಳ ಹೊತ್ತು ನೋಡಿದ. ಮುದುಕನಿಗೆ ಹತ್ತಿರದ ಅಂಕಿ ಕಾಣದಿರಬಹುದು, ಸ್ವಲ್ಪ ದೂರದಲ್ಲಿ ನಿಂತ ಮನುಷ್ಯನ ಮುಖ ಚೆನ್ನಾಗಿ ಕಾಣುತ್ತಿತ್ತು. ಆಮೇಲೆ ಮೂರನೆಯ ಹಂಡೆಯ ಕಡೆ ತಿರುಗಿದ. ಅದರ ಅಂಕಿಗಳು ಬ್ರೆಡ್ಡಿನ ತುಂಡಿನಷ್ಟು ದೊಡ್ಡವು.

"ಮೂವತ್ತೊಂದು," ಎಂದು ಓದಿದ, ನಿಂತಲ್ಲಿಂದಲೇ. ಇನ್ನೊಮ್ಮೆ ಓದಿದ. "ಮೂವತ್ತೊಂದು. ಇದು ಪರವಾಗಿಲ್ಲ. ಇದನ್ನ ನನ್ನ ಮನೆಗೆ ತಂದ್ಹಾಕು. ಅಡಿಗೆಮನೇಲಿ ಬೆಂಚಿನ ಪಕ್ಕ."

"ದೊಡ್ಡಪ್ಪ!" ಎಂದ ಕ್ಸೇವರ್. "ಭಟ್ಟಿಮನೆ ಹಿರಿಯರು ನೀವು! ಡಬ್ಬಿ ಇಟ್ಕೊಳ್ತೀರಾ?"

"ಯಾಕೆ, ನಾನು ಕೂತ್ಕೊಂಡು ಕಷಾಯ ಕಾಯಿಸ್ಬಾರ್ದಾ? ಹುಟ್ಟಿದಾಗಿಂದ ನಿಂತಿದೀನಿ, ಕಾಲು ನೋಯುತ್ತೆ." ಮೆಟ್ಟಿಲು ಹತ್ತುತ್ತ ನಿಂತು, ತಿರುಗಿ ನೋಡದೆ ಹೇಳಿದ. "ಶುಕ್ರವಾರ ನಮ್ಮನೆ ಸರದಿ. ಓಟ್ಮಾರ್, ಬೆಳಗಾಗೋದ್ರೊಳಗೆ ಬಾ, ಸೌಟು ಹಿಡಿಯೋದು ಹೇಳಿಕೊಡ್ತೀನಿ. ಸೌದೆ ಕ್ಸೇವರ್ ತರ್ತಾನೆ."

ಓಟ್ಮಾರನಿಗೆ ಸಂತೋಷವಾಯಿತು. ಮರುಕ್ಷಣ ಭಯವಾಯಿತು. ಆಮೇಲೆ ಎರಡೂ ಒಟ್ಟಿಗೆ ಆದವು.

ಶುಕ್ರವಾರ ಭಟ್ಟಿಮನೆಯಲ್ಲಿ ನಡೆದದ್ದನ್ನು ನೋಡಲು ಅರ್ಧ ಊರು ಬಂದಿತ್ತು. ಓಟ್ಮಾರ್ ಸೌಟು ಹಿಡಿದು, ಥರ್ಮಾಮೀಟರ್ ನೋಡಿ ಅಂಕಿ ಕೂಗಿ ಹೇಳುವನು, ಎರ್ಹಾರ್ಡ್ ಬೆಂಚಿನಲ್ಲಿ ಕೂತು, "ಉರಿ ಹೆಚ್ಚಿಸು," "ಇಳಿಸು," "ಕೈ ನಿಲ್ಲಿಸ್ಬೇಡ್ವೋ, ನಿದ್ದೆ ಮಾಡ್ತಿದೀಯಾ?" ಎಂದು ಗದರುವನು. ಕಣ್ಣು ಒಬ್ಬನದು, ವಿದ್ಯೆ ಒಬ್ಬನದು. ಕನ್ನಡಕದ ಮಾತನ್ನು ಇಬ್ಬರೂ ಎತ್ತಲಿಲ್ಲ. ಓಟ್ಮಾರನ ಒಂದು ಹುಬ್ಬು ಸುಟ್ಟಿತು, ಅಂಗೈಯಲ್ಲಿ ಬೊಬ್ಬೆ ಬಂತು. ಕ್ಸೇವರ್ ಸೌದೆ ಹೊತ್ತು ತಂದು ಹಾಕುತ್ತಿದ್ದ, ಪ್ರತಿ ಸಲವೂ ಇದು ಕೊನೆಯ ಹೊರೆ ಎನ್ನುತ್ತಿದ್ದ.

ಬಿಯರ್ ಹದಕ್ಕೆ ಬಂದು ಬಾಯಮ್ಲ್ ಮನೆಯ ಗಳುವಿಗೆ ನಕ್ಷತ್ರ ಏರಿದ ದಿನ ಎರ್ಹಾರ್ಡನ ಅಡಿಗೆಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಲೋರೆನ್ಸ್ ಒಂದು ಗುಟುಕು ಕುಡಿದ, ಇಡೀ ಲೋಟ ಮುಗಿಸಿ ಇನ್ನೊಂದಕ್ಕೆ ಕೈ ಚಾಚಿದ. ಪಾದ್ರಿಗಳೂ ಚಾಚಿದರು. ರೂಡಿಗರ್ ಮೂರನೆಯದಕ್ಕೆ ಬಂದಿದ್ದ, ಸುಂಕದ ವಿಷಯ ಮಾತಾಡಲಿಲ್ಲ. ಬೆಂಚಿನ ಪಕ್ಕ ಹಂಡೆ ಗುಳುಗುಳು ಎನ್ನುತ್ತಿತ್ತು, ಅಂಕಿ ಕೋಣೆಯ ಆ ತುದಿಯವರೆಗೂ ಹೊಳೆಯುತ್ತಿತ್ತು.

ಕ್ರೆಸೆನ್ಸ್ ಅಜ್ಜಿ ಬಗ್ಗಿ ಮುಚ್ಚಳ ಎತ್ತಿ ನೋಡಿದಳು. ಒಳಗೆ ಬಿಳಿ ಸಾಸೇಜುಗಳು ಈಜುತ್ತಿದ್ದವು.

"ಕುದಿಸಿದ್ರೆ ಒಡೆಯುತ್ತೆ ಇವು," ಎಂದ ಎರ್ಹಾರ್ಡ್ ಹೆಮ್ಮೆಯಿಂದ. "ಈ ಹಂಡೇಲಿ ಒಂದೂ ಒಡೆಯಲ್ಲ. ಎಪ್ಪತ್ತೈದು ಅಂದ್ರೆ ಎಪ್ಪತ್ತೈದೇ ನಿಲ್ಲುತ್ತೆ."

"ಅಲ್ಲಪ್ಪ, ಇಷ್ಟು ದೊಡ್ಡ ಯಂತ್ರ! ಇದರಲ್ಲಿ ಬಿಯರ್ ಮಾಡಲ್ವಾ ನೀನು?"

"ಬಿಯರಾ?" ಎಂದು ಎರ್ಹಾರ್ಡ್, ಏನೋ ಕೇಳಬಾರದ್ದನ್ನು ಕೇಳಿದವಳಂತೆ ಅಜ್ಜಿಯನ್ನು ನೋಡಿದ. "ಬಿಯರ್ ನಮ್ಮ ಅಳಿಯನ ಕೆಲಸ."